ಸೋವಿಯತ್ ಕಾಲದ ಸರ್ಪ್ಲಸ್ (ಸೈನ್ಯ ಹೊರಹಾಕಿದ) ಪಿಸ್ತೂಲುಗಳು: ಟಿಟಿ, ಮಕಾರೊವ್, ನಗಾನ್. ಮೊದಲು ಯಾವುದನ್ನು ಕೊಳ್ಳಬೇಕು, ಹೇಗೆ ಹಾರಿಸಬೇಕು?

ಬಯಲುಸೀಮೆ (ಒಹಾಯೊ)

ಎಲ್ಲರಿಗೂ ನಮಸ್ಕಾರ. ಗ್ರೀನ್ ಕಾರ್ಡ್ ಬಂದ ಮೇಲೆ, ಇಷ್ಟು ವರ್ಷ ಓದಿನಲ್ಲಷ್ಟೇ ಉಳಿದಿದ್ದ ಆಸಕ್ತಿಯೊಂದನ್ನು ಕೈಗೆತ್ತಿಕೊಳ್ಳಬೇಕೆಂದಿದ್ದೇನೆ. ಎರಡನೆಯ ಮಹಾಯುದ್ಧದಲ್ಲಿ ರಷ್ಯಾದ ಕಡೆ ನಡೆದ ಕದನಗಳ ಚರಿತ್ರೆಯನ್ನು ಓದಿ ಬೆಳೆದವನು ನಾನು. ಆ ಕಾಲದ ಸೋವಿಯತ್ ಕೈಬಂದೂಕು ಒಂದನ್ನು ಕೊಳ್ಳಬೇಕು, ಕೊಂಡದ್ದನ್ನು ಬರಿದೆ ಪೆಟ್ಟಿಗೆಯಲ್ಲಿಡದೆ ರೇಂಜ್‌ಗೆ ಒಯ್ದು ಹಾರಿಸಬೇಕು ಎಂಬುದು ನನ್ನ ಆಸೆ.

ಇಲ್ಲಿನ ಅಂಗಡಿಯೊಂದರಲ್ಲಿ ಸದ್ಯ ಮೂರು ಇವೆ. ಒಂದು ರುಮೇನಿಯಾದಲ್ಲಿ ತಯಾರಾದ ಟಿಟಿ (ತುಲಾ-ತೊಕರೆವ್ ಪಿಸ್ತೂಲು), ಇನ್ನೊಂದು ಬಲ್ಗೇರಿಯಾದ ಮಕಾರೊವ್, ಮೂರನೆಯದು 1937 ಎಂದು ಮೈಮೇಲೆ ಒತ್ತಿರುವ ರಷ್ಯಾದ ತುಲಾ ಕಾರ್ಖಾನೆಯ ನಗಾನ್ ರಿವಾಲ್ವರ್. ಅಂಗಡಿಯವರು ಮೂರನ್ನೂ ಹೊಗಳುತ್ತಾರೆ. ಮೊದಲ ಬಾರಿಗೆ ಕೊಳ್ಳುವವನು ಯಾವುದನ್ನು ಆರಿಸಬೇಕು, ಏನನ್ನು ಪರೀಕ್ಷಿಸಿ ನೋಡಬೇಕು, ತೋಟಾ ಎಲ್ಲಿಂದ ತರಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಗುರಿಕಾರ (ಟೆಕ್ಸಸ್)

ಬಯಲುಸೀಮೆ ಅವರೇ, ಕಾನೂನಿನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಓದುವ ನಮ್ಮವರಲ್ಲಿ ಅನೇಕರು ಇನ್ನೂ ವೀಸಾದಲ್ಲಿರುವವರು. ಎಚ್-1ಬಿ, ಎಚ್-4, ಎಫ್-1 ಮುಂತಾದ ವಲಸೆಯೇತರ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವವರಿಗೆ ವಿನಾಯಿತಿಯುಂಟು. ರೇಂಜ್‌ನಲ್ಲಿ ಬಾಡಿಗೆಗೆ ಪಡೆದು ಹಾರಿಸುವುದೂ 'ವಶದಲ್ಲಿಟ್ಟುಕೊಳ್ಳುವುದು' ಎಂದೇ ಲೆಕ್ಕವಾಗುತ್ತದೆ. 'ಸ್ನೇಹಿತನ ಪಿಸ್ತೂಲು, ಒಂದೆರಡು ಗುಂಡು ಹಾರಿಸಿದರೆ ಏನಾಗುತ್ತದೆ' ಎಂದುಕೊಂಡು ಹೋಗುವ ಹುಡುಗರಿಗೆ ಇದನ್ನು ಎಷ್ಟು ಬಾರಿ ಹೇಳಿದರೂ ಸಾಲದು. ಗ್ರೀನ್ ಕಾರ್ಡ್ ಇರುವ ನಿಮಗೆ ಈ ತೊಡಕಿಲ್ಲ. ಅಂಗಡಿಯಲ್ಲಿ 4473 ನಮೂನೆಯನ್ನು ತುಂಬಿ, ಹಿನ್ನೆಲೆ ಪರಿಶೀಲನೆ ಮುಗಿದ ಮೇಲೆ ಕೊಳ್ಳಬಹುದು. ನ್ಯೂಯಾರ್ಕ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ಮಾತ್ರ ರಾಜ್ಯದ ಅನುಮತಿಯೂ ಪ್ರತ್ಯೇಕವಾಗಿ ಬೇಕು.

ಸಂಗ್ರಹದಲ್ಲಿ ಆಸಕ್ತಿ ಗಟ್ಟಿಯಾದರೆ 'ಕ್ಯೂರಿಯೊ ಅಂಡ್ ರೆಲಿಕ್' ಪರವಾನಗಿಯನ್ನು ಪಡೆದುಕೊಳ್ಳಿ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಬಂದೂಕುಗಳನ್ನು ಬೇರೆ ರಾಜ್ಯಗಳಿಂದಲೂ ನೇರವಾಗಿ ತರಿಸಿಕೊಳ್ಳಲು ಅದು ಅವಕಾಶ ಕೊಡುತ್ತದೆ. ಮೂರು ವರ್ಷಕ್ಕೆ 30 ಡಾಲರ್ ಶುಲ್ಕ. ಕೊಂಡದ್ದು, ಮಾರಿದ್ದು ಎಲ್ಲವನ್ನೂ ಪುಸ್ತಕದಲ್ಲಿ ದಾಖಲಿಸಬೇಕು. ಇದು ಸಂಗ್ರಾಹಕರಿಗೆ ಮಾತ್ರ, ವ್ಯಾಪಾರಕ್ಕೆ ಅಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೂರರಲ್ಲಿ ಮಕಾರೊವನ್ನು ಮೊದಲು ಕೊಳ್ಳಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನಿಕೊಲಾಯ್ ಮಕಾರೊವ್ ರೂಪಿಸಿದ ಈ ಪಿಸ್ತೂಲು 1951ರಲ್ಲಿ ಟಿಟಿಯ ಸ್ಥಾನಕ್ಕೆ ಬಂತು. ಬ್ಯಾರಲ್ ಚೌಕಟ್ಟಿಗೆ ಬಿಗಿದುಕೊಂಡೇ ಇರುತ್ತದೆ. ಅದನ್ನು ಸ್ಲೈಡಿಗೆ, ಅಂದರೆ ಮೇಲೆ ಹಿಂದೆಮುಂದೆ ಜಾರುವ ಭಾಗಕ್ಕೆ, ಕಚ್ಚಿಸುವ ಬೀಗದ ವ್ಯವಸ್ಥೆ ಯಾವುದೂ ಇಲ್ಲ. ಸ್ಲೈಡಿನ ಭಾರ ಮತ್ತು ಸ್ಪ್ರಿಂಗಿನ ಬಲವೇ ತೋಟಾದ ಒದೆತವನ್ನು ತಡೆಯುತ್ತವೆ. ಬಿಚ್ಚುವುದಕ್ಕೆ ಉಪಕರಣವೇ ಬೇಡ. ಮ್ಯಾಗಜೀನ್ ತೆಗೆದು, ಕೊಠಡಿ (ತೋಟಾ ಕೂರುವ ಬ್ಯಾರಲಿನ ಹಿಂಭಾಗ) ಖಾಲಿಯಿರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಟ್ರಿಗರ್ ಗಾರ್ಡನ್ನು ಕೆಳಕ್ಕೆ ಎಳೆದು ಸ್ವಲ್ಪ ಪಕ್ಕಕ್ಕೆ ಒರಗಿಸಿ, ಸ್ಲೈಡನ್ನು ಹಿಂದಕ್ಕೆಳೆದು ಅದರ ಹಿಂಭಾಗವನ್ನು ಮೇಲೆತ್ತಿ ಮುಂದಕ್ಕೆ ಬಿಟ್ಟರೆ ಮುಗಿಯಿತು. ಒಳಗೆ ಒಂದೇ ಒಂದು ಚಪ್ಪಟೆ ಸ್ಪ್ರಿಂಗು ಹ್ಯಾಮರನ್ನೂ (ಬಡಿದು ತೋಟಾ ಸಿಡಿಸುವ ಸುತ್ತಿಗೆ) ನಡೆಸುತ್ತದೆ, ಹಿಡಿಯ ತಳದಲ್ಲಿ ಮ್ಯಾಗಜೀನನ್ನೂ ಹಿಡಿದಿಡುತ್ತದೆ. ಇಷ್ಟು ಕಡಿಮೆ ಭಾಗಗಳಿಂದ ಇಷ್ಟು ಕೆಲಸ ತೆಗೆದ ಪಿಸ್ತೂಲುಗಳು ವಿರಳ. ಸೇಫ್ಟಿಯನ್ನು ಮೇಲಕ್ಕೆ ಎತ್ತಿದರೆ ಹ್ಯಾಮರ್ ಸುರಕ್ಷಿತವಾಗಿ ಇಳಿಯುತ್ತದೆ. ಹೊಸಬರಿಗೆ ಈ ಒಂದು ಗುಣಕ್ಕಾಗಿಯೇ ನಾನು ಇದನ್ನು ಸೂಚಿಸುತ್ತೇನೆ.

ಎಚ್ಚರಿಕೆ ಒಂದಿದೆ. ಇದರ ತೋಟಾ 9×18 ಮಿ.ಮೀ. ಎಲ್ಲೆಡೆ ಸಿಗುವ 9×19 ಇದಕ್ಕೆ ಆಗುವುದಿಲ್ಲ. ಹೆಸರಿನಲ್ಲಿ ಎರಡೂ '9' ಆಗಿದ್ದರೂ ಮಕಾರೊವ್ ಗುಂಡಿನ ವ್ಯಾಸ ಸುಮಾರು 9.27 ಮಿ.ಮೀ., ಮತ್ತೊಂದರದು 9.01. ಅಂಗಡಿಯಲ್ಲಿ ಬರಿದೆ '9 ಎಂಎಂ' ಎಂದು ಕೇಳಬೇಡಿ, '9 ಮಕಾರೊವ್' ಎಂದೇ ಕೇಳಿ.

ತುಂಗಾತೀರ (ಮಿಷಿಗನ್)

ಗುರಿಕಾರರ ಅನುಭವಕ್ಕೆ ನನ್ನ ಗೌರವವಿದೆ, ಆದರೆ ಇಲ್ಲಿ ನಾನು ಒಪ್ಪಲಾರೆ. ಬಯಲುಸೀಮೆಯವರು ಕೇಳುತ್ತಿರುವುದು ಯುದ್ಧಕಾಲದ ಚರಿತ್ರೆಯನ್ನು ಕೈಯಲ್ಲಿ ಹಿಡಿಯುವ ಬಗ್ಗೆ. ಮಕಾರೊವ್ ಯುದ್ಧ ಮುಗಿದ ಮೇಲೆ ಹುಟ್ಟಿದ್ದು. ಆ ಯುದ್ಧದ ಪಿಸ್ತೂಲು ಟಿಟಿ.

ತುಲಾದಲ್ಲಿ ಫ್ಯೋದರ್ ತೊಕರೆವ್ ಇದನ್ನು ರೂಪಿಸಿದಾಗ ಬ್ರೌನಿಂಗ್‌ನ ತತ್ವವನ್ನೇ ಆಧಾರವಾಗಿಟ್ಟುಕೊಂಡರು. ಬ್ಯಾರಲ್ ಸ್ಲೈಡಿನೊಂದಿಗೆ ಸ್ವಲ್ಪ ದೂರ ಹಿಂದೆ ಸರಿದು, ಕೆಳಗಿನ ಕೊಂಡಿಯ ಎಳೆತಕ್ಕೆ ಬಾಗಿ ಬಿಡಿಸಿಕೊಳ್ಳುವ ಏರ್ಪಾಡು ಅದು. ಆದರೆ ಅನುಕರಣೆಗೇ ನಿಲ್ಲಲಿಲ್ಲ. ಹ್ಯಾಮರ್, ಅದನ್ನು ಹಿಡಿದಿಡುವ ಸಿಯರ್, ಅವುಗಳ ಸ್ಪ್ರಿಂಗ್ ಎಲ್ಲವನ್ನೂ ಒಂದೇ ತುಂಡಿನಲ್ಲಿ ಕೂರಿಸಿದರು. ಸ್ಲೈಡನ್ನು ಕಳಚಿದರೆ ಆ ತುಂಡು ಹಾಗೆಯೇ ಎತ್ತಿದರೆ ಕೈಗೆ ಬರುತ್ತದೆ. ಅದರ ಮುಂಭಾಗದಲ್ಲಿ, ತೋಟಾವನ್ನು ಮೇಲಕ್ಕೆ ದಾರಿ ತೋರಿಸುವ ಎರಡು ತುಟಿಗಳನ್ನು ಗಟ್ಟಿ ಉಕ್ಕಿನಲ್ಲೇ ಕಡೆದಿದ್ದಾರೆ. ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ತೊಂದರೆ ಕೊಡುವುದು ಮ್ಯಾಗಜೀನಿನ ತೆಳು ತಗಡಿನ ತುಟಿಗಳು. ಅವು ಸ್ವಲ್ಪ ಬಾಗಿದರೂ ಟಿಟಿ ತೋಟಾವನ್ನು ಸರಿಯಾಗಿ ಒಳಕ್ಕೆ ತೆಗೆದುಕೊಳ್ಳುವುದು ಈ ಕಾರಣದಿಂದ. 1933ರ ಸುಧಾರಣೆಯಲ್ಲಿ ಬ್ಯಾರಲಿನ ಮೇಲಿನ ಬೀಗದ ಏಣುಗಳನ್ನು ಮೇಲ್ಭಾಗಕ್ಕಷ್ಟೇ ಬಿಡದೆ ಸುತ್ತಲೂ ಉಂಗುರದಂತೆ ಮಾಡಿದರು, ಏಕೆಂದರೆ ಲೇತ್‌ನಲ್ಲಿ ತಿರುಗಿಸಿ ಕಡೆಯುವುದು ಸುಲಭ ಮತ್ತು ಶೀಘ್ರ. ಲಕ್ಷಗಟ್ಟಲೆ ತಯಾರಿಸಬೇಕಾದ ಕಾರ್ಖಾನೆಯ ವಿವೇಕವನ್ನು ಇಂಥ ವಿವರಗಳಲ್ಲಿ ಓದಬಹುದು, ನನಗೆ ಈ ಪಿಸ್ತೂಲು ಪ್ರಿಯವಾದದ್ದೂ ಅದಕ್ಕೇ.

1941ರಲ್ಲಿ ಜರ್ಮನರು ತುಲಾದ ಹೊಸ್ತಿಲಿಗೆ ಬಂದಾಗ ಯಂತ್ರಗಳನ್ನು ಪೂರ್ವಕ್ಕೆ ಸಾಗಿಸಿ ಇಝೆವ್ಸ್ಕ್‌ನಲ್ಲಿ ತಯಾರಿಕೆ ಮುಂದುವರಿಸಿದರು. ಆ ಆತುರ ಲೋಹದ ಮೇಲೆಯೇ ಕಾಣುತ್ತದೆ: ಒರಟು ಕಡೆತದ ಗೆರೆಗಳು, ಕೆಲವಕ್ಕೆ ಮರದ ಹಿಡಿ. ಸ್ಲೈಡಿನ ಹಿಂಭಾಗದ ಗೀರುಗಳನ್ನು ನೋಡಿ. ಹಳೆಯವುಗಳಲ್ಲಿ ಅಗಲದ್ದೊಂದು ಸಣ್ಣದೊಂದು ಹೀಗೆ ಸರದಿಯಲ್ಲಿರುತ್ತವೆ, ಯುದ್ಧಾನಂತರದವುಗಳಲ್ಲಿ ಎಲ್ಲವೂ ಸಣ್ಣ, ಒಂದೇ ಸಮ.

ಹಾರಿಸುವ ಅನುಭವವೂ ಬೇರೆಯೇ. 7.62×25 ತೋಟಾದ 5.5 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 420 ಮೀಟರ್ ವೇಗದಲ್ಲಿ ಹೊರಡುತ್ತದೆ. ಸದ್ದು ಬಹಳ ಚುರುಕು, ಬಾಯಲ್ಲಿ ಬೆಂಕಿಯೂ ದೊಡ್ಡದು, ಆದರೆ ಕೈಗೆ ಬೀಳುವ ಪೆಟ್ಟು ಆ ಸದ್ದಿಗೆ ಹೋಲಿಸಿದರೆ ಸಣ್ಣದು. ಹಿಡಿ ಹೆಚ್ಚು ನೇರವಾಗಿರುವುದರಿಂದ ಮೊದಮೊದಲು ಗುಂಡು ಕೆಳಗೆ ಬೀಳುತ್ತದೆ. ಮಣಿಕಟ್ಟನ್ನು ಸ್ವಲ್ಪ ಎತ್ತಿ ಹಿಡಿಯುವುದು ಅಭ್ಯಾಸವಾಗಬೇಕು.

ಹಳೇದಾಸ್ತಾನು (ಪೆನ್ಸಿಲ್ವೇನಿಯಾ)

ಇಬ್ಬರೂ ನಗಾನ್ ಅನ್ನು ಬಿಟ್ಟೇಬಿಟ್ಟಿರಿ. ಬೆಲ್ಜಿಯಂನ ನಗಾನ್ ಸೋದರರ ಈ ವಿನ್ಯಾಸವನ್ನು ತ್ಸಾರ್ ಸರಕಾರ 1895ರಲ್ಲಿ ಅಂಗೀಕರಿಸಿತು, ತುಲಾದಲ್ಲಿ ಅದು ಎರಡನೆಯ ಮಹಾಯುದ್ಧದ ಕಾಲಕ್ಕೂ ತಯಾರಾಗುತ್ತಿತ್ತು. ಏಳು ತೋಟಾ ಹಿಡಿಯುವ ಈ ರಿವಾಲ್ವರಿನಲ್ಲಿ ಹ್ಯಾಮರನ್ನು ಎಳೆದಾಗ ಸಿಲಿಂಡರು ಬರಿದೆ ತಿರುಗುವುದಿಲ್ಲ, ಮುಂದಕ್ಕೂ ಸರಿಯುತ್ತದೆ. 7.62×38 ತೋಟಾದಲ್ಲಿ ಗುಂಡು ಪೂರ್ತಿ ಹಿತ್ತಾಳೆಯ ಕವಚದ ಒಳಗೇ ಅಡಗಿರುತ್ತದೆ, ಆ ಕವಚದ ಬಾಯಿ ಬ್ಯಾರಲಿನೊಳಕ್ಕೆ ತೂರಿ ಸಂದನ್ನು ಮುಚ್ಚುತ್ತದೆ. ಬೇರೆ ರಿವಾಲ್ವರುಗಳಲ್ಲಿ ಪಕ್ಕಕ್ಕೆ ಸೋರುವ ಅನಿಲ ಇಲ್ಲಿ ಸೋರುವುದಿಲ್ಲ. ಇದಕ್ಕೆ ತೆತ್ತ ಬೆಲೆ ಟ್ರಿಗರಿನಲ್ಲಿದೆ. ಹ್ಯಾಮರ್ ಎಳೆಯದೆ ನೇರವಾಗಿ ಒತ್ತಿದರೆ ಸುಮಾರು 9 ಕಿಲೋ ಬಲ ಬೇಕು. ಆದ್ದರಿಂದ ಹೆಬ್ಬೆರಳಿನಿಂದ ಹ್ಯಾಮರ್ ಎಳೆದುಕೊಂಡು ಒಂದೊಂದಾಗಿ ಹಾರಿಸಿ. ತುಂಬುವುದೂ ಖಾಲಿ ಮಾಡುವುದೂ ಪಕ್ಕದ ಸಣ್ಣ ಬಾಗಿಲಿನಿಂದ ಒಂದೊಂದೇ ಆಗಬೇಕು. ಆತುರವಿಲ್ಲದವರಿಗೆ ಇದು ಬಹಳ ಸೊಗಸಾದ ಸಾಧನ.

ಆದರೆ ನಾನು ಬರೆಯಲು ಕುಳಿತ ಮುಖ್ಯ ಕಾರಣ ಬೇರೆ. 'ಯಾವ ಮಾದರಿ' ಎಂಬುದಕ್ಕಿಂತ 'ಯಾವ ಚರಿತ್ರೆಯ ಪ್ರತಿ' ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಯುದ್ಧ ಮುಗಿದ ಮೇಲೆ ಸೋವಿಯತ್ ಶಸ್ತ್ರಾಗಾರಗಳು ಲೆಕ್ಕವಿಲ್ಲದಷ್ಟು ನಗಾನ್ ಮತ್ತು ಟಿಟಿಗಳನ್ನು ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಹೊಸದಾಗಿ ಕಪ್ಪು ಬಣ್ಣ ಏರಿಸಿ, ಗ್ರೀಸ್ ಬಳಿದು ಉಗ್ರಾಣಕ್ಕೆ ಹಾಕಿದವು. ಹೀಗೆ ದುರಸ್ತಿಯಾದವುಗಳ ಮೈಮೇಲೆ ಚೌಕದೊಳಗೆ ಓರೆಗೆರೆ ಎಳೆದ ಸಣ್ಣ ಮುದ್ರೆ ಇರುತ್ತದೆ. ಬೇರೆ ಬಂದೂಕಿನಿಂದ ತಂದು ಜೋಡಿಸಿದ ಭಾಗದ ಮೇಲೆ ಹಳೆಯ ಸಂಖ್ಯೆಗೆ ಗೆರೆ ಎಳೆದು, ವಿದ್ಯುತ್ ಲೇಖನಿಯಿಂದ ಹೊಸ ಸಂಖ್ಯೆಯನ್ನು ಕೈಬರಹದಲ್ಲಿ ಗೀಚಿರುತ್ತಾರೆ. ಅಮೆರಿಕದಲ್ಲಿ 2000ರ ದಶಕದಲ್ಲಿ ನೂರು ಡಾಲರಿನ ಒಳಗೆ ಸಿಗುತ್ತಿದ್ದ ನಗಾನ್‌ಗಳು ಹೆಚ್ಚಾಗಿ ಇಂಥವೇ. ಈಗ ಆ ಬೆಲೆ ಕನಸು.

ನನ್ನ ನಿಲುವು ಇದು: ದುರಸ್ತಿಯಾದದ್ದನ್ನು ಮನಸಾರೆ ಹಾರಿಸಿ. ಅದರ ಮೂಲ ಬಣ್ಣ, ಮೂಲ ಜೋಡಣೆ ಆಗಲೇ ಹೋಗಿವೆ. ನೀವು ಹಾರಿಸುವುದರಿಂದ ಚರಿತ್ರೆಗೆ ಏನೂ ನಷ್ಟವಿಲ್ಲ. ದುರಸ್ತಿ ಮುದ್ರೆಯಿಲ್ಲದ, ಎಲ್ಲ ಸಂಖ್ಯೆಗಳೂ ಹೊಂದುವ, ಆಮದು ಮುದ್ರೆಯೂ (ಅಮೆರಿಕದ ಆಮದುದಾರರು ಒತ್ತುವ ಗುರುತು) ಇಲ್ಲದ ಯುದ್ಧಕಾಲದ ಪ್ರತಿ ಎಂದಾದರೂ ಕೈಗೆ ಬಂದರೆ ಅದನ್ನು ಹಾರಿಸಬೇಡಿ. ಯಾವುದೋ ಸೈನಿಕ ವಿಯೆಟ್ನಾಂನಿಂದಲೋ ಕೊರಿಯಾದಿಂದಲೋ ತಂದಂಥದ್ದು ಅದಾಗಿರಬಹುದು. ಒಂದು ಸ್ಪ್ರಿಂಗ್, ಖಾಲಿ ಕವಚವನ್ನು ಎಳೆದು ತೆಗೆಯುವ ಒಂದು ಎಕ್ಸ್‌ಟ್ರ್ಯಾಕ್ಟರ್ ಮುರಿದರೂ ಅದರ ಜೊತೆಯ ಭಾಗ ಮತ್ತೆ ಎಲ್ಲಿಯೂ ಸಿಗದು. ನಿಮ್ಮ 1937ರ ನಗಾನ್‌ನಲ್ಲಿ ಆ ಚೌಕದ ಮುದ್ರೆ ಇದೆಯೇ ಎಂಬುದನ್ನು ಮೊದಲು ನೋಡಿ ಬನ್ನಿ.

ಬಯಲುಸೀಮೆ

ಎಲ್ಲರಿಗೂ ಕೃತಜ್ಞತೆಗಳು. ನೋಡಿ ಬಂದೆ. ನಗಾನ್ ಮೇಲೆ ಚೌಕ ಮತ್ತು ಓರೆಗೆರೆ ಇದೆ. ರುಮೇನಿಯಾದ ಟಿಟಿಯಲ್ಲಿ ಟ್ರಿಗರಿನ ಹಿಂದೆ ಎಡಬದಿಯಲ್ಲಿ ಒಂದು ಸಣ್ಣ ಸೇಫ್ಟಿ ಸನ್ನೆ ಇದೆ. ಚಿತ್ರಗಳಲ್ಲಿ ನೋಡಿದ ಟಿಟಿಗಳಲ್ಲಿ ಇದು ಇರಲಿಲ್ಲ. ಅಂಗಡಿಯವರು 'ಇದನ್ನು ತೆಗೆದುಬಿಡಬಹುದು, ಮೂಲ ರೂಪಕ್ಕೆ ಬರುತ್ತದೆ' ಎನ್ನುತ್ತಾರೆ. ಇದು ಸರಿಯೇ? ಹಾಗೆಯೇ, ಅವರ ಬಳಿ ತಗಡಿನ ಡಬ್ಬದಲ್ಲಿ ಮುಚ್ಚಿದ ಹಳೆಯ 7.62×25 ತೋಟಾಗಳೂ ಇವೆ. ಕೊಳ್ಳಬಹುದೇ?

ಗುರಿಕಾರ

ಆ ಸನ್ನೆ ಇಲ್ಲಿನ ಆಮದಿಗಾಗಿ ಸೇರಿಸಿದ್ದು. 1968ರ ಬಂದೂಕು ನಿಯಂತ್ರಣ ಕಾನೂನಿನ ಪ್ರಕಾರ ಆಮದಾಗುವ ಕೈಬಂದೂಕುಗಳು ಸುರಕ್ಷತೆ, ಉದ್ದ, ತೂಕ ಮುಂತಾದವುಗಳ ಮೇಲೆ ನಿಗದಿತ ಅಂಕಗಳನ್ನು ಗಳಿಸಬೇಕು. ಟಿಟಿಯ ಮೂಲ ವಿನ್ಯಾಸದಲ್ಲಿ ಕೈಯಿಂದ ಹಾಕುವ ಸೇಫ್ಟಿಯೇ ಇಲ್ಲ. ಹ್ಯಾಮರನ್ನು ಅರ್ಧಕ್ಕೆ ನಿಲ್ಲಿಸಿದರೆ ಸ್ಲೈಡೂ ಟ್ರಿಗರೂ ಬಿಗಿಯಾಗುತ್ತವೆ, ಅದೊಂದೇ ವ್ಯವಸ್ಥೆ. ಆದ್ದರಿಂದ ರುಮೇನಿಯಾ, ಪೋಲೆಂಡ್, ಯುಗೊಸ್ಲಾವಿಯಾಗಳ ಟಿಟಿಗಳು ಇಂಥ ಸೇರ್ಪಡೆಯೊಂದಿಗೇ ಬಂದವು. ಬೈಕಾಲ್ ಹೆಸರಿನ ಮಕಾರೊವ್‌ಗಳಿಗೆ ಹೊಂದಿಸಬಹುದಾದ ಹಿಂಗುರಿಯನ್ನು (ಗುರಿ ನೋಡುವ ಹಿಂದಿನ ಕಚ್ಚು) ಕೂರಿಸಿದ್ದೂ ಇದೇ ಕಾರಣಕ್ಕೆ.

ತೆಗೆಯಬೇಡಿ ಎಂಬುದು ನನ್ನ ಸಲಹೆ. ಸನ್ನೆಯನ್ನು ಕಿತ್ತರೂ ಚೌಕಟ್ಟಿನಲ್ಲಿ ಕೊರೆದ ತೂತು ಉಳಿಯುತ್ತದೆ, ಮೂಲ ರೂಪ ಮರಳುವುದಿಲ್ಲ. ಹಾಗೆಂದು ಅದನ್ನು ನಂಬಿ ತುಂಬಿದ ಪಿಸ್ತೂಲನ್ನು ಒಯ್ಯಲೂಬೇಡಿ. ಅದು ಟ್ರಿಗರನ್ನು ಮಾತ್ರ ತಡೆಯುತ್ತದೆ. ಅರ್ಧ ನಿಲುಗಡೆಯ ಹಲ್ಲು ಎಷ್ಟೋ ದಶಕಗಳ ಬಳಕೆಯಲ್ಲಿ ಸವೆದಿರಬಹುದು. ರೇಂಜ್‌ನ ಮೇಜಿನ ಮುಂದೆ ನಿಂತು, ಹಾರಿಸುವ ಹೊತ್ತಿಗೆ ಮಾತ್ರ ಕೊಠಡಿಗೆ ತೋಟಾ ಏರಿಸುವುದೇ ಟಿಟಿಯ ಮಟ್ಟಿಗೆ ಸರಿಯಾದ ಕ್ರಮ.

ಇನ್ನೊಂದು ವಿಷಯ. ಖಾಲಿ ಟಿಟಿಯ ಟ್ರಿಗರನ್ನು ಆಟಕ್ಕೆಂದು ಒತ್ತುತ್ತಲೇ ಇರಬೇಡಿ. ಫೈರಿಂಗ್ ಪಿನ್ನನ್ನು ಹಿಡಿದಿಟ್ಟಿರುವ ಸೀಳು ಪಿನ್ನು ಏಟು ತಿಂದು ಹಾಳಾಗುತ್ತದೆ. ಅಭ್ಯಾಸಕ್ಕೆ ಡಮ್ಮಿ ತೋಟಾ ಬಳಸಿ. ಮಕಾರೊವ್‌ನಲ್ಲಿ ಫೈರಿಂಗ್ ಪಿನ್ನಿಗೆ ಸ್ಪ್ರಿಂಗೇ ಇಲ್ಲ, ಅದು ತನ್ನ ತೂತಿನಲ್ಲಿ ಸಡಿಲವಾಗಿ ಓಡಾಡುತ್ತದೆ. ಹಾಗಾಗಿ ಆ ದಾರಿಯಲ್ಲಿ ಹಳೆಯ ಗ್ರೀಸ್ ಗಟ್ಟಿಯಾಗಿ ಕೂತು ಪಿನ್ನು ಮುಂದಕ್ಕೆ ಚಾಚಿಕೊಂಡೇ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಮೊದಲ ಗುಂಡಿಗೆ ಮುಂಚೆ ಸ್ಲೈಡನ್ನು ಅಲುಗಾಡಿಸಿ ಪಿನ್ನು ಓಡಾಡುವ ಸದ್ದನ್ನು ಕೇಳಿ.

ಲವಣ (ಇಲಿನಾಯ್)

ಹಳೆಯ ಡಬ್ಬದ ತೋಟಾಗಳ ಬಗ್ಗೆ ನಾನು ಉತ್ತರಿಸುತ್ತೇನೆ, ವೃತ್ತಿಯಿಂದ ರಸಾಯನಶಾಸ್ತ್ರದವನು. ಕೊಳ್ಳಬಹುದು, ಆದರೆ ಹಾರಿಸಿದ ದಿನವೇ ತೊಳೆಯುವ ಮನಸ್ಸಿದ್ದರೆ ಮಾತ್ರ. ಆ ಕಾಲದ ಪೂರ್ವ ಯುರೋಪಿನ ತೋಟಾಗಳ ಪ್ರೈಮರಿನಲ್ಲಿ (ಪಿನ್ನು ಬಡಿದಾಗ ಮೊದಲು ಸಿಡಿಯುವ ಮದ್ದು) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಸಿಡಿದಾಗ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ಬ್ಯಾರಲಿನ ಒಳಮೈಗೆ ಅಂಟುತ್ತದೆ. ಅದು ಅಡುಗೆ ಉಪ್ಪಿನ ಹತ್ತಿರದ ಸಂಬಂಧಿ, ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಬೇಸಗೆಯ ಸೆಕೆಯಲ್ಲಿ ಒಂದೇ ರಾತ್ರಿ ಸಾಕು.

ಇಲ್ಲಿ ಅನೇಕರು ಎಣ್ಣೆ ಹಾಕಿದರೆ ಸಾಕೆಂದು ನಂಬಿದ್ದಾರೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಅಮೋನಿಯಾ ಇರುವ ಕಿಟಕಿ ತೊಳೆಯುವ ದ್ರಾವಣವನ್ನು ಹಾಕುವವರೂ ಇದ್ದಾರೆ. ಅದರಲ್ಲಿ ಕೆಲಸ ಮಾಡುವುದು ಅಮೋನಿಯಾ ಅಲ್ಲ, ನೀರು. ಆದ್ದರಿಂದ ನೀರನ್ನೇ ಬಳಸಿ. ಟಿಟಿಯ ಬ್ಯಾರಲ್ ಬೇರೆಯಾಗಿ ಕೈಗೆ ಬರುತ್ತದೆ. ಅದನ್ನು ಚಿಮಟದಲ್ಲಿ ಹಿಡಿದು ಕೊಠಡಿಯ ಕಡೆಯಿಂದ ಕುದಿಯುವ ನೀರನ್ನು ಆಲಿಕೆಯಲ್ಲಿ ಸುರಿಯಿರಿ. ಮೊದಲು ಬೂದು ಬಣ್ಣದ ನೀರು ಇಳಿಯುತ್ತದೆ, ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ. ಬಿಸಿಯಾದ ಲೋಹ ತನ್ನಷ್ಟಕ್ಕೆ ಒಣಗುತ್ತದೆ, ಒಣ ಬಟ್ಟೆ ತೂರಿಸಿ ಎಳೆದು, ಆಮೇಲೆ ಎಣ್ಣೆ. ಸ್ಲೈಡಿನ ಮುಖ, ಎಕ್ಸ್‌ಟ್ರ್ಯಾಕ್ಟರಿನ ಕೆಳಗು, ಮ್ಯಾಗಜೀನಿನ ತುಟಿ ಇವನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ನಗಾನ್‌ನಲ್ಲಿ ಸಿಲಿಂಡರಿನ ಏಳೂ ಕೊಠಡಿ ಮತ್ತು ಬ್ಯಾರಲಿನ ಹಿಂಬಾಯಿ ಮುಖ್ಯ. ಮಾರನೆಯ ದಿನ ಬಿಳಿ ಬಟ್ಟೆಯೊಂದನ್ನು ಮತ್ತೆ ತೂರಿಸಿ ನೋಡಿ. ಕಂದು ಬಣ್ಣ ಬಂದರೆ ಇನ್ನೊಮ್ಮೆ ಮೊದಲಿಂದ ಮಾಡಬೇಕು.

ಉಗ್ರಾಣದ ಗ್ರೀಸ್ ಅಂದರೆ ಕಾಸ್ಮೋಲಿನ್ ಬಗ್ಗೆಯೂ ಒಂದು ಮಾತು. ದುರಸ್ತಿಯಾಗಿ ಬಂದ ನಗಾನ್‌ಗಳ ಮೂಲೆಮೂಲೆಯಲ್ಲೂ ಅದು ಜೇನಿನ ಬಣ್ಣದ ಅಂಟಾಗಿ ಕೂತಿರುತ್ತದೆ. ಕೊಠಡಿಯ ಗೋಡೆಯಲ್ಲಿ ತೆಳುವಾಗಿ ಉಳಿದರೂ ತೋಟಾದ ಕವಚ ಒಳಗೆ ಸಿಕ್ಕಿಕೊಳ್ಳುತ್ತದೆ. ಮರದ ಹಿಡಿಗಳನ್ನು ಕಳಚಿಟ್ಟು, ಲೋಹದ ಭಾಗಗಳನ್ನು ಮಿನರಲ್ ಸ್ಪಿರಿಟ್ಸ್‌ನಲ್ಲಿ ನೆನೆಸಿ ಬ್ರಷ್ಷಿನಿಂದ ಉಜ್ಜಿ. ಗಾಳಿಯಾಡುವ ಕಡೆ, ಬೆಂಕಿಯಿಂದ ದೂರದಲ್ಲಿ ಮಾಡಬೇಕು.

ನಿಮ್ಮ ರೇಂಜ್ ಒಳಾಂಗಣದ್ದಾದರೆ ಮೊದಲೇ ವಿಚಾರಿಸಿ. ಅನೇಕ ಕಡೆ ಬಾಗಿಲಲ್ಲೇ ಆಯಸ್ಕಾಂತ ಹಿಡಿದು ಪರೀಕ್ಷಿಸುತ್ತಾರೆ. ಹಳೆಯ ಸೈನಿಕ ತೋಟಾಗಳ ಗುಂಡಿನ ಹೊದಿಕೆ ಉಕ್ಕಿನದು, ಕೆಲವುಗಳಲ್ಲಿ ಒಳತಿರುಳೂ ಉಕ್ಕು. ಆಯಸ್ಕಾಂತಕ್ಕೆ ಅಂಟಿದರೆ ಒಳಗೆ ಬಿಡುವುದಿಲ್ಲ.

ತುಂಗಾತೀರ

ಲವಣ ಅವರ ಮಾತಿಗೆ ಒಂದಿಷ್ಟು ಸೇರಿಸುತ್ತೇನೆ. ಈ ಎಲ್ಲ ಶ್ರಮ ಬೇಡವೆನ್ನುವವರಿಗೆ ಸೆರ್ಬಿಯಾದ ಪ್ರ್ವಿ ಪಾರ್ಟಿಜಾನ್ ಮತ್ತು ಚೆಕ್ ದೇಶದ ಸೆಲಿಯರ್ ಅಂಡ್ ಬೆಲೊ ಹೊಸ 7.62×25 ತೋಟಾ ತಯಾರಿಸುತ್ತವೆ. ಅವುಗಳ ಪ್ರೈಮರಿನಿಂದ ತುಕ್ಕಿನ ಭಯವಿಲ್ಲ, ಹಿತ್ತಾಳೆಯ ಕವಚವನ್ನು ಮತ್ತೆ ತುಂಬಲೂಬಹುದು. ನಗಾನ್ ತೋಟಾವನ್ನೂ ಪ್ರ್ವಿ ಮಾಡುತ್ತದೆ. ಮಕಾರೊವ್‌ಗೆ ಹಿಂದೆ ಅಗ್ಗವಾಗಿ ಬರುತ್ತಿದ್ದ ರಷ್ಯಾದ ಉಕ್ಕಿನ ಕವಚದ ತೋಟಾಗಳ ಹೊಸ ಆಮದು ಪರವಾನಗಿಗಳನ್ನು ಅಮೆರಿಕ 2021ರ ಸೆಪ್ಟೆಂಬರಿನಿಂದ ತಡೆದಿರುವುದರಿಂದ ಆ ಕಾಲ ಮುಗಿಯಿತು.

ಎರಡು ಅಪಾಯಗಳನ್ನು ಮಾತ್ರ ಯಾರೂ ಮರೆಯಬಾರದು. ಹಳೆಯ ಮೌಸರ್ ಸಿ-96 ಪಿಸ್ತೂಲಿನ 7.63 ತೋಟಾ ನೋಡಲು ಟಿಟಿಯದರಂತೆಯೇ ಇರುತ್ತದೆ, ಆದರೆ ಸೋವಿಯತ್ ತೋಟಾದ ಒತ್ತಡ ಹೆಚ್ಚು. ಅದನ್ನು ಮೌಸರಿಗೆ ಹಾಕಕೂಡದು. ಹಾಗೆಯೇ ನಗಾನ್‌ಗೆ .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ತೋಟಾ 'ಹೊಂದುತ್ತದೆ' ಎಂದು ಅಂಗಡಿಗಳಲ್ಲಿ ಹೇಳುವುದುಂಟು. ಅಳತೆ ಸರಿಹೊಂದದೆ ಕವಚ ಉಬ್ಬುತ್ತದೆ, ಸೀಳುವುದೂ ಉಂಟು, ನಗಾನ್‌ನ ಹೆಗ್ಗಳಿಕೆಯಾದ ಅನಿಲ ಮುಚ್ಚುವಿಕೆಯೂ ನಡೆಯುವುದಿಲ್ಲ.

ಕಾವೇರಿ ಕಣಿವೆ (ಉತ್ತರ ಕೆರೊಲಿನಾ)

ನಾನು ಕೊಡಗಿನವಳು. ನಮ್ಮ ಕಡೆ ಕೋವಿ ಮನೆಯ ಒಂದು ಅಂಗ. ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ಹೂವಿಟ್ಟು ಪೂಜಿಸುತ್ತೇವೆ, ಕೊಡವರಿಗೆ ಶಸ್ತ್ರಾಸ್ತ್ರ ಕಾನೂನಿನಲ್ಲಿ ವಿನಾಯಿತಿಯೂ ಇದೆ. ಆದ್ದರಿಂದ ಬಂದೂಕೆಂದರೆ ಹೆದರಿ ಬರೆಯುತ್ತಿಲ್ಲ. ಆದರೂ ಇಲ್ಲಿಯವರೆಗೆ ಯಾರೂ ಮನೆಯ ಮಾತನ್ನು ಎತ್ತದಿರುವುದು ನನಗೆ ಸರಿಕಾಣಲಿಲ್ಲ.

ಬಯಲುಸೀಮೆಯವರೇ, ಮನೆಯಲ್ಲಿ ಮಕ್ಕಳಿದ್ದರೆ ಪಿಸ್ತೂಲಿಗಿಂತ ಮೊದಲು ಕಬ್ಬಿಣದ ಸೇಫ್ ಬರಬೇಕು. ಕಪಾಟಿನ ಮೇಲ್ತಟ್ಟು, ಬಟ್ಟೆಯ ಕೆಳಗು ಇವೆಲ್ಲ ಅಡಗಿಸುವ ಜಾಗಗಳೇ ಅಲ್ಲ, ಮಕ್ಕಳು ಅವನ್ನು ನಮಗಿಂತ ಮೊದಲೇ ಬಲ್ಲರು. ತೋಟಾಗಳನ್ನು ಬೇರೆ ಬೀಗದಲ್ಲಿಡಿ. ಈ ಹಳೆಯ ಪಿಸ್ತೂಲುಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಮೇಲೆ ಹೇಳಿದಂತೆ ಟಿಟಿಯಲ್ಲಿ ನಂಬಬಹುದಾದ ಸೇಫ್ಟಿ ಇಲ್ಲ, ಮ್ಯಾಗಜೀನ್ ತೆಗೆದ ಮೇಲೂ ಕೊಠಡಿಯಲ್ಲಿ ಉಳಿದ ತೋಟಾ ಹಾರುತ್ತದೆ. ನಿಮ್ಮ ಮನೆಯವರಿಗೂ ಅದನ್ನು ಖಾಲಿ ಮಾಡಿ ತೋರಿಸುವಷ್ಟು ತಿಳಿದಿರಬೇಕು, ನೀವು ಊರಲ್ಲಿಲ್ಲದಾಗ ಸೇಫ್‌ನೊಳಗೆ ಏನಿದೆ ಎಂದು ತಿಳಿಯದೆ ಅವರು ಬದುಕಬಾರದು.

ಮತ್ತೊಂದನ್ನು ಪ್ರಾಮಾಣಿಕವಾಗಿ ಕೇಳುತ್ತೇನೆ. ಆ ನಗಾನ್ ಮೇಲಿನ ಇಸವಿ 1937. ಸ್ತಾಲಿನ್ ಕಾಲದ ಬಂಧನ, ಮರಣದಂಡನೆಗಳು ತುತ್ತತುದಿಗೆ ಏರಿದ ವರ್ಷ ಅದು. ಹಿಡಿಯುವಾಗ ಮನಸ್ಸು ಹಿಂಜರಿಯುವುದಿಲ್ಲವೇ?

ಹಳೇದಾಸ್ತಾನು

ಅಕ್ಕಾ, ಈ ಪ್ರಶ್ನೆಯನ್ನು ಸಂಗ್ರಾಹಕರು ಕೇಳಿಕೊಳ್ಳಲೇಬೇಕು. ನನಗೂ ಹಿಂಜರಿಕೆಯುಂಟು, ಅದು ಇರುವುದು ಒಳ್ಳೆಯದೇ ಎಂದು ತಿಳಿದಿದ್ದೇನೆ. ಒಂದು ನಗಾನ್ ತನ್ನ ಕಾಲದಲ್ಲಿ ಯಾರ ಸೊಂಟದಲ್ಲಿತ್ತು ಎಂಬುದನ್ನು ಅದರ ಸಂಖ್ಯೆ ನಮಗೆ ಹೇಳುವುದಿಲ್ಲ. ಅವು ರಹಸ್ಯ ಪೊಲೀಸರ ಕೈಯಲ್ಲೂ ಇದ್ದವು, ಯುದ್ಧದ ಕಂದಕಗಳಲ್ಲೂ ಇದ್ದವು, ಆಮೇಲೆ ಬಹಳ ವರ್ಷ ಕಾರ್ಖಾನೆ, ಉಗ್ರಾಣಗಳ ಕಾವಲುಗಾರರ ಬಳಿಯೂ ಇದ್ದವು. ಆದ್ದರಿಂದಲೇ ಮಾರುವವರು ಕಟ್ಟಿಕೊಡುವ ಕಥೆಗಳಿಗೆ ನಾನು ಒಂದು ಡಾಲರನ್ನೂ ಹೆಚ್ಚಾಗಿ ಕೊಡುವುದಿಲ್ಲ. 'ಸ್ತಾಲಿನ್‌ಗ್ರಾಡ್‌ನಲ್ಲಿದ್ದದ್ದು' ಎಂಬ ಮಾತಿಗೆ ಕಾಗದದ ಆಧಾರ ಇಲ್ಲದಿದ್ದರೆ ಅದು ಬರಿಯ ಮಾತು. ಲೋಹದ ಮೇಲೆ ಒತ್ತಿರುವುದನ್ನಷ್ಟೇ ಓದಬೇಕು: ಕಾರ್ಖಾನೆ, ಇಸವಿ, ಪರೀಕ್ಷಕನ ಮುದ್ರೆ, ದುರಸ್ತಿಯ ಗುರುತು. ಆ ವರ್ಷ ಏನಾಯಿತೆಂಬುದನ್ನು ಮನೆಗೆ ಬಂದವರಿಗೆ ಹೇಳಲು ಹಿಂಜರಿಯುವವರು ಇಂಥದ್ದನ್ನು ಕೊಳ್ಳದಿರುವುದೇ ಮೇಲು.

ಬಯಲುಸೀಮೆ

ಕಾವೇರಿ ಕಣಿವೆಯವರ ಮಾತಿನಂತೆ ಮೊದಲು ಸೇಫ್ ತರಿಸಿದ್ದೇನೆ, ಅದನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿದಾಯಿತು. ಮಡದಿಯೊಂದಿಗೆ ಕೂತು ಎಲ್ಲವನ್ನೂ ಮಾತಾಡಿದ ಮೇಲೆ ಮಕಾರೊವನ್ನು ಮೊದಲು ಕೊಳ್ಳುವುದೆಂದು ನಿರ್ಧರಿಸಿದೆವು. ಇಬ್ಬರೂ ಒಂದೇ ತರಬೇತಿಗೆ ಸೇರುತ್ತಿದ್ದೇವೆ. ಟ್ರಿಗರಿನ ಶಿಸ್ತು ಕೈಗೆ ಹತ್ತಿದ ಮೇಲೆ ಆ ನಗಾನ್. ರುಮೇನಿಯಾದ ಟಿಟಿ ಸದ್ಯಕ್ಕೆ ಬೇಡ. ತುಂಗಾತೀರರು ಬೇಸರಿಸಬಾರದು, ಮುಂದೆ ಇಝೆವ್ಸ್ಕ್‌ನ ಯುದ್ಧಕಾಲದ ಪ್ರತಿಯೊಂದನ್ನೇ ಹುಡುಕುತ್ತೇನೆ.

ಕೊನೆಯದಾಗಿ ಒಂದು ಪ್ರಶ್ನೆ. ಕೆಲವು ವರ್ಷಗಳ ನಂತರ ಊರಿಗೆ ಮರಳುವ ಯೋಚನೆ ನಮಗಿದೆ. ಇವನ್ನು ಜೊತೆಗೆ ತರಲು ಸಾಧ್ಯವೇ?

ಗುರಿಕಾರ

ತರಬಹುದೆಂಬ ಭರವಸೆಯ ಮೇಲೆ ಕೊಳ್ಳಬೇಡಿ. ಭಾರತದಲ್ಲಿ ಪರವಾನಗಿ ಇಲ್ಲದೆ ಯಾವ ಪಿಸ್ತೂಲೂ ವಿಮಾನ ನಿಲ್ದಾಣದಿಂದ ಹೊರಬರುವುದಿಲ್ಲ, 9 ಮಿ.ಮೀ. ಅಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ). 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರು ಒಟ್ಟು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತೆಯೂ ಇಲ್ಲ. ಹೊರಡುವ ಕೆಲವು ತಿಂಗಳ ಮೊದಲೇ ಪರವಾನಗಿಯುಳ್ಳ ಅಂಗಡಿಯ ಮೂಲಕ ಇನ್ನೊಬ್ಬ ಸಂಗ್ರಾಹಕರಿಗೆ ವರ್ಗಾಯಿಸಿ, ರಸೀದಿಯನ್ನು ಜೋಪಾನವಾಗಿಡಿ. ಅಷ್ಟರಲ್ಲಿ ನೀವು ಬರೆದಿಟ್ಟ ಮುದ್ರೆಗಳ ವಿವರ, ಬದಲಿಸಿದ ಸ್ಪ್ರಿಂಗುಗಳ ಪಟ್ಟಿ, ಹಾರಿಸಿದ ತೋಟಾಗಳ ಬಗೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಪಿಸ್ತೂಲಿನ ಜೊತೆಗೇ ಕೊಡಿ. ಮುಂದೆ ಕೊಳ್ಳುವವರಿಗೆ ಆ ಹಾಳೆ ಬಹಳ ಉಪಯೋಗಕ್ಕೆ ಬರುತ್ತದೆ.